ಹಲ್ಲಿಲ್ಲದ ಅಮ್ಮನಿಗೆ ಗೆಡ್ಡೆಯ ಗೊಜ್ಜು: ತುರಿಸದಂತೆ, ಅಂಟಾಗದಂತೆ ಮಾಡುವುದು ಹೇಗೆ?

ನೀರ್ಚಾಲು ಮಾಷ್ಟ್ರು

ಎಲ್ಲರಿಗೂ ಕಾಸರಗೋಡಿನ ನೀರ್ಚಾಲಿನಿಂದ ನಮಸ್ಕಾರ. ಮಗಳ ಬಾಣಂತನಕ್ಕೆಂದು ಮನೆಯವಳು ಮಂಗಳೂರಿಗೆ ಹೋಗಿ ಮೂರು ವಾರಗಳಾದವು. ಅಂದಿನಿಂದ ಅಡುಗೆಮನೆ ನನ್ನ ಪಾಲಿಗೆ ಬಂದಿದೆ. ನನ್ನೊಬ್ಬನ ಊಟವಾಗಿದ್ದರೆ ಮಜ್ಜಿಗೆ, ಉಪ್ಪಿನಕಾಯಿಗಳಲ್ಲಿ ದಿನ ಸಾಗುತ್ತಿತ್ತು. ಆದರೆ ಜತೆಯಲ್ಲಿ 86 ವರ್ಷದ ಅಮ್ಮ ಇದ್ದಾರೆ, ಅವರ ಬಾಯಲ್ಲಿ ಉಳಿದಿರುವುದು ಎರಡೇ ಹಲ್ಲು. ಹೋಳುಗಳಿರುವ ಪಲ್ಯವನ್ನು ಬಟ್ಟಲಿನ ಬದಿಗೆ ಸರಿಸಿಬಿಡುತ್ತಾರೆ. ಕುಚ್ಚಿಲಕ್ಕಿ ಗಂಜಿಗೆ ನೆಂಚಿಕೊಳ್ಳಲು ಹಿಸುಕಿದ ಪದಾರ್ಥವೇ ಆಗಬೇಕು.

ತೋಟದ ಬದಿಯಲ್ಲಿ ಸುವರ್ಣಗೆಡ್ಡೆ, ಮರಗೆಣಸು, ಕೆಸು ಧಾರಾಳವಾಗಿ ಇವೆ. ಕಳೆದ ವಾರ ಎರಡು ಪ್ರಯೋಗ ಮಾಡಿದೆ, ಎರಡೂ ಕೆಟ್ಟವು. ಸುವರ್ಣಗೆಡ್ಡೆಯನ್ನು ಸ್ವಲ್ಪವೇ ನೀರು ಹಾಕಿ ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿ, ಹಿಸುಕಿ, ಮೊಸರು ಬೆರೆಸಿ ಬಡಿಸಿದೆ. ನನ್ನ ಗಂಟಲು ಸಂಜೆಯವರೆಗೂ ಕೆರೆಯಿತು. ಅಮ್ಮ ಒಂದೇ ತುತ್ತಿಗೆ ಬೆಲ್ಲದ ತುಂಡು ಕೇಳಿದರು. ಮರುದಿನ ಮರಗೆಣಸನ್ನು ಬೇಯಿಸಿ, ತಣಿಯಲು ಬಿಟ್ಟು, ಮಿಕ್ಸಿಗೆ ಹಾಕಿದೆ. ಜಾರನ್ನು ಬೋರಲು ಹಾಕಿದರೂ ಅದು ಕೆಳಗೆ ಬೀಳಲಿಲ್ಲ. “ಇದನ್ನು ತೆಗೆದಿಡು, ಚುನಾವಣೆ ಬಂದಾಗ ಪೋಸ್ಟರ್ ಅಂಟಿಸುವವರಿಗೆ ಆದೀತು” ಎಂದು ಅಮ್ಮ ಹೇಳಿದ ಮೇಲೆ ನಾನು ಇಲ್ಲಿ ಬರೆಯಲು ಕೂತಿದ್ದೇನೆ. ಮನೆಯವಳನ್ನು ಕೇಳಬಹುದಿತ್ತು, ಆದರೆ ಮೊದಲ ದಿನವೇ “ನನಗೆಲ್ಲ ಗೊತ್ತಿದೆ” ಎಂದು ಹೇಳಿ ಕಳುಹಿಸಿದ್ದೇನೆ. ತಿಳಿದವರು ದಯವಿಟ್ಟು ಹೇಳಬೇಕು.

ಪೆರ್ಲದ ಅಕ್ಕ

ಮಾಷ್ಟ್ರೇ, ಸುವರ್ಣಗೆಡ್ಡೆಗೆ ಹುಳಿ ತೋರಿಸದೆ ಒಲೆಗೆ ಏರಿಸಿದ್ದೇ ತಪ್ಪು. ನಮ್ಮಲ್ಲಿ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು, ಗೆಡ್ಡೆಯನ್ನು ತೊಳೆಯದೆ, ಒಣಗಿದ್ದಂತೆಯೇ ಸಿಪ್ಪೆಯನ್ನು ದಪ್ಪವಾಗಿ ಕೆತ್ತಿ ತೆಗೆಯುತ್ತೇವೆ. ಹೋಳು ಮಾಡಿದ ಮೇಲೆ ಹುಳಿಮಜ್ಜಿಗೆ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು, ಆ ನೀರನ್ನು ಚೆಲ್ಲಿ, ಹುಣಸೆರಸ, ಅರಿಸಿನ, ಉಪ್ಪು ಹಾಕಿದ ಹೊಸ ನೀರಿನಲ್ಲಿ ಬೇಯಿಸುತ್ತೇವೆ. ಬೆಂದ ಮೇಲೆ ಸಟ್ಟುಗದ ಬೆನ್ನಿನಿಂದ ನುರಿದು, ಗಾಂಧಾರಿ ಮೆಣಸು ನುರಿದು ಹಾಕಿ, ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟರೆ ಗೊಜ್ಜು ಆಯಿತು. ನನ್ನ ಅತ್ತೆಯವರ ಕಾಲದಿಂದ ಹೀಗೆಯೇ ನಡೆದುಬಂದಿದೆ, ಯಾರ ಗಂಟಲೂ ಕೆರೆದದ್ದಿಲ್ಲ.

ಮಂಜೇಶ್ವರದಿಂದ ರಸಾಯನಶಾಸ್ತ್ರದವಳು

ಪೆರ್ಲದ ಅಕ್ಕ ಹೇಳಿದ ಕ್ರಮದಲ್ಲಿ ಒಂದನ್ನು ಬಿಟ್ಟು ಉಳಿದುದೆಲ್ಲ ನನಗೆ ಒಪ್ಪಿಗೆ. ಸುವರ್ಣಗೆಡ್ಡೆ, ಕೆಸು, ಕೆಸುವಿನ ಬಳಗದ್ದೇ ಆದ ಮುಂಡಿಗೆಡ್ಡೆಗಳು ಬಾಯಿ ತುರಿಸುವುದು ಅವುಗಳ ಒಳಗಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳಿಂದ. ಆ ಹರಳುಗಳು ಎರಡೂ ತುದಿ ಚೂಪಾದ ಸೂಜಿಗಳ ಹಾಗಿದ್ದು, ಕಟ್ಟು ಕಟ್ಟಾಗಿ ಜೀವಕೋಶಗಳಲ್ಲಿ ಕೂತಿರುತ್ತವೆ; ಹೋಳು ಕಡಿಯುವಾಗ ಕೈಗೂ, ಅಗಿಯುವಾಗ ಗಂಟಲಿಗೂ ಚುಚ್ಚಿಕೊಳ್ಳುತ್ತವೆ. ಮಾಷ್ಟ್ರು ಮಾಡಿದ ಕೆಲಸದಲ್ಲಿ ಹುಳಿ ಹಾಕದಿದ್ದುದಕ್ಕಿಂತ ದೊಡ್ಡ ತಪ್ಪು ಕುಕ್ಕರಿನದ್ದು ಎಂದು ನನ್ನ ಅಭಿಪ್ರಾಯ. ಮುಚ್ಚಿದ ಪಾತ್ರೆಯಲ್ಲಿ, ಸ್ವಲ್ಪವೇ ನೀರಿನಲ್ಲಿ ಬೆಂದಾಗ ಗೆಡ್ಡೆ ಬಿಟ್ಟುಕೊಡಬೇಕಾದದ್ದು ಹೊರಗೆ ಹೋಗುವುದಕ್ಕೆ ದಾರಿಯೇ ಇಲ್ಲ, ಎಲ್ಲವೂ ಮರಳಿ ಊಟದ ಬಟ್ಟಲಿಗೇ ಬರುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಹೋಳು ಮುಳುಗಿ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ನೀರು ಹಾಕಿ ಬೇಯಿಸಿ, ಆ ನೀರನ್ನು ಪೂರ್ತಿಯಾಗಿ ಬಸಿಯಬೇಕು.

ಒಪ್ಪದೆ ಇರುವುದು ಹುಣಸೆರಸವನ್ನು ಮೊದಲೇ ಹಾಕುವ ಮಾತನ್ನು. ತರಕಾರಿಯ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವುದು ಪೆಕ್ಟಿನ್ ಎಂಬ ಪದಾರ್ಥ, ಅದು ಕರಗಿದರೆ ಮಾತ್ರ ಹೋಳು ಮೆತ್ತಗಾಗುತ್ತದೆ. ಹುಳಿ ನೀರಿನಲ್ಲಿ ಪೆಕ್ಟಿನ್ ಸುಲಭವಾಗಿ ಕರಗುವುದಿಲ್ಲ. ಸಾಂಬಾರಿಗೆ ಹುಳಿ ಮೊದಲೇ ಬಿದ್ದರೆ ತರಕಾರಿ ಬೇಯದೆ ಸತಾಯಿಸುವುದನ್ನು ಎಲ್ಲರೂ ಕಂಡಿದ್ದೇವೆ. ಹೋಳು ಹೋಳಾಗಿಯೇ ಉಳಿಯಬೇಕಾದ ಪಲ್ಯಕ್ಕೆ ಅದು ಅನುಕೂಲ. ಹಿಸುಕಬೇಕಾದ ಗೊಜ್ಜಿಗೆ ಅಡ್ಡಿ. ಆದ್ದರಿಂದ ಮೊದಲು ಬರಿನೀರಿನಲ್ಲಿ ಮೆತ್ತಗೆ ಬೇಯಿಸಿ, ಬಸಿದು, ಬಳಿಕ ಹುಣಸೆರಸ ಹಾಕಿ ಹತ್ತು ನಿಮಿಷ ಕುದಿಸಿದರೆ ಎರಡೂ ಕಡೆಯ ಕೆಲಸ ಆಗುತ್ತದೆ.

ಪೆರ್ಲದ ಅಕ್ಕ

ಪೆಕ್ಟಿನ್ ಕರಗುತ್ತದೋ ಇಲ್ಲವೋ ನನಗೆ ತಿಳಿಯದು. ನಾವು ಮಾಡುವ ಗೊಜ್ಜಿನಲ್ಲಿ ಅಲ್ಲಲ್ಲಿ ಸಣ್ಣ ತರಿ ಉಳಿಯುತ್ತದೆ ಎಂಬುದು ನಿಜ. ಆ ತರಿ ಬಾಯಿಗೆ ಸಿಗುವುದೇ ಚಂದ ಎಂದು ನಾವು ತಿಳಿದಿದ್ದೆವು. ಹಲ್ಲಿಲ್ಲದ ಅಮ್ಮನಿಗೆ ಅದು ಹೊಂದಲಿಕ್ಕಿಲ್ಲ, ಅಷ್ಟನ್ನು ಒಪ್ಪುತ್ತೇನೆ.

ಮುಳ್ಳೇರಿಯದ ಕೃಷಿಕ

ಅಡುಗೆಯ ಮಾತಿಗೆ ಮೊದಲು ಗೆಡ್ಡೆ ಯಾವುದು, ಎಂದು ಅಗೆದದ್ದು ಎಂದು ಕೇಳಬೇಕು. ನಮ್ಮ ಮಲಯಾಳಿ ನೆರೆಯವರು “ಕುಂಭದಲ್ಲಿ ನೆಟ್ಟರೆ ಕೊಡದಷ್ಟು ದೊಡ್ಡ ಗೆಡ್ಡೆ” ಎನ್ನುತ್ತಾರೆ. ಕುಂಭ ತಿಂಗಳಲ್ಲಿ, ಅಂದರೆ ಫೆಬ್ರವರಿ–ಮಾರ್ಚಿನಲ್ಲಿ ನೆಟ್ಟ ಸುವರ್ಣಗೆಡ್ಡೆ ಎಂಟು ಒಂಬತ್ತು ತಿಂಗಳಿಗೆ, ದಂಟು ಒಣಗಿ ಬಿದ್ದ ಮೇಲೆ ಬಲಿಯುತ್ತದೆ. ದಂಟು ಹಸುರಾಗಿರುವಾಗಲೇ ಅಗೆದ ಎಳೆಗೆಡ್ಡೆಯಲ್ಲಿ ನೀರು ಹೆಚ್ಚು, ಹಿಟ್ಟು ಕಡಿಮೆ. ಎಷ್ಟು ಹಿಸುಕಿದರೂ ಅದು ಗೊಜ್ಜಿನ ಹದಕ್ಕೆ ಬಾರದು. ಹಿತ್ತಿಲ ಹಳೆಯ ಜಾತಿಗಳು ತುರಿಸುವುದು ಜಾಸ್ತಿ. ಆಂಧ್ರದ ಕೊವ್ವೂರಿನಿಂದ ಬಂದ ‘ಗಜೇಂದ್ರ’, ತಿರುವನಂತಪುರದ ಶ್ರೀಕಾರ್ಯದಲ್ಲಿ 1963ರಲ್ಲಿ ಆರಂಭವಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ‘ಶ್ರೀ ಪದ್ಮ’, ಇವೆರಡೂ ತುರಿಕೆ ಕಡಿಮೆ ಇರುವ ತಳಿಗಳು. ಮುಂದಿನ ಕುಂಭಕ್ಕೆ ನೆಡುವುದಿದ್ದರೆ ಅದರ ಬೀಜವನ್ನೇ ಹುಡುಕಿರಿ.

ಮರಗೆಣಸಿನ ಕಥೆ ಬೇರೆ. ತಿರುವಾಂಕೂರಿನಲ್ಲಿ ವಿಶಾಖಂ ತಿರುನಾಳ್ ಮಹಾರಾಜರು (ಆಳ್ವಿಕೆ 1880–1885) ಅದರ ಬೇಸಾಯಕ್ಕೆ ಒತ್ತು ಕೊಟ್ಟರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾದ ಅಕ್ಕಿ ನಿಂತಾಗ ಅಲ್ಲಿಯ ಜನರ ಹೊಟ್ಟೆ ತುಂಬಿಸಿದ್ದು ಇದೇ. ತಿರುವಾಂಕೂರಿನ ರೈತರು ಮಲಬಾರಿನ ಗುಡ್ಡಗಳಿಗೆ ಬಂದು ನೆಲೆಸಿದಾಗ ಜತೆಯಲ್ಲಿ ಕಪ್ಪವನ್ನೂ (ಮರಗೆಣಸಿಗೆ ಅವರ ಹೆಸರು) ತಂದರು. ನಮ್ಮ ಹಿರಿಯರು ಅದನ್ನು ಹಪ್ಪಳಕ್ಕೆ ಒಪ್ಪಿದಷ್ಟು ಊಟಕ್ಕೆ ಒಪ್ಪಲಿಲ್ಲ. ಹಿಸುಕಿ ಬೇಯಿಸುವ ವಿದ್ಯೆಯನ್ನು ನಾವು ಕಲಿತದ್ದು ನೆರೆಯ ಮಲಯಾಳಿಗಳ ಅಡುಗೆಮನೆಯಿಂದ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಅವರ ಕ್ರಮ ಹೀಗಿದೆ. ಅಗೆದ ಎರಡು ದಿನಗಳ ಒಳಗಿನ ಮರಗೆಣಸೇ ಆಗಬೇಕು, ಮುರಿದಾಗ ಒಳಗೆ ನೀಲಿ ಅಥವಾ ಕಂದು ಗೆರೆ ಕಂಡರೆ ಬಿಡಬೇಕು. ಹೊರಗಿನ ಕಂದು ತೊಗಟೆಯ ಜತೆ ಅದರ ಒಳಗಿನ ದಪ್ಪ ಸಿಪ್ಪೆಯನ್ನೂ ಸುಲಿಯಬೇಕು. ನೀರು ತುಂಬ ಹಾಕಿ ಮುಚ್ಚಳವಿಲ್ಲದೆ ಬೇಯಿಸಿ, ಬೆಂದು ಹೋಳು ಬಿರಿಯುವಾಗ ಆ ನೀರನ್ನು ಪೂರ್ತಿ ಚೆಲ್ಲಬೇಕು. ನಡುವಿನ ನಾರನ್ನು ಆಗ ಎಳೆದು ತೆಗೆಯುವುದು ಸುಲಭ. ಬಸಿದ ಪಾತ್ರೆಯನ್ನು ಸಣ್ಣ ಉರಿಯ ಮೇಲೆ ಮತ್ತೆ ಇಟ್ಟು, ತೆಂಗಿನಕಾಯಿ, ಜೀರಿಗೆ, ಅರಿಸಿನ, ಹಸಿಮೆಣಸುಗಳನ್ನು ತರಿತರಿಯಾಗಿ ಅರೆದು ಹಾಕಿ, ಹಬೆ ಏಳುತ್ತಿರುವಾಗಲೇ ಮರದ ಸಟ್ಟುಗದಿಂದ ಒತ್ತಿ ಹಿಸುಕಬೇಕು. ತಣಿಯಲು ಬಿಟ್ಟದ್ದೇ ಮಾಷ್ಟ್ರ ಮೊದಲ ತಪ್ಪು, ಮಿಕ್ಸಿ ಎರಡನೆಯದು.

ಮಂಜೇಶ್ವರದಿಂದ ರಸಾಯನಶಾಸ್ತ್ರದವಳು

ಮುಚ್ಚಳ ತೆರೆದಿಡಬೇಕೆಂಬ ಮಾತಿಗೆ ಒಂದು ಒತ್ತು ಕೊಡುತ್ತೇನೆ, ಏಕೆಂದರೆ ಇದು ರುಚಿಯ ಪ್ರಶ್ನೆಯಲ್ಲ. ಮರಗೆಣಸಿನಲ್ಲಿ ಲಿನಮಾರಿನ್ ಎಂಬ ವಸ್ತುವಿದೆ. ಗೆಡ್ಡೆಯನ್ನು ಕತ್ತರಿಸಿದಾಗ ಅದು ಒಡೆದು ಹೈಡ್ರೋಜನ್ ಸೈನೈಡ್ ಬಿಡುಗಡೆಯಾಗುತ್ತದೆ. ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ವಸ್ತುವಾದುದರಿಂದ ತೆರೆದ ಪಾತ್ರೆಯಿಂದ ಅದು ಹಬೆಯ ಜತೆ ಹೊರಟುಹೋಗುತ್ತದೆ, ಒಡೆಯದೆ ಉಳಿದ ಲಿನಮಾರಿನ್‌ನಲ್ಲಿ ಬಹುಪಾಲು ಬಸಿದ ನೀರಿನಲ್ಲಿ ಕರಗಿ ಹೋಗುತ್ತದೆ. ಹೋಳು ಸಣ್ಣದಾದಷ್ಟೂ, ನೀರು ಹೆಚ್ಚಾದಷ್ಟೂ ಒಳ್ಳೆಯದು. ಬೇಯಿಸಿದ ಮೇಲೂ ಕಹಿ ಉಳಿದ ಗೆಡ್ಡೆಯನ್ನು “ತೆಂಗಿನಕಾಯಿ ಹಾಕಿದರೆ ಸರಿಯಾದೀತು” ಎಂದು ತಿನ್ನಬಾರದು, ಎಸೆಯಬೇಕು.

ಮಿಕ್ಸಿಯಲ್ಲಿ ಅಂಟಾದುದರ ಕಾರಣವೂ ಸರಳ. ಸಟ್ಟುಗದಿಂದ ಒತ್ತಿದಾಗ ಬೆಂದ ಗೆಡ್ಡೆಯ ಜೀವಕೋಶಗಳು ಒಂದರಿಂದ ಒಂದು ಬಿಡಿಸಿಕೊಳ್ಳುತ್ತವೆ, ಒಳಗಿನ ಹಿಟ್ಟು ಬಹುಮಟ್ಟಿಗೆ ಅವುಗಳ ಒಳಗೇ ಉಳಿಯುತ್ತದೆ. ಮಿಕ್ಸಿಯ ಅಲಗು ಆ ಕೋಶಗಳನ್ನೇ ಹರಿದುಹಾಕುತ್ತದೆ. ಬೆಂದು ಉಬ್ಬಿದ ಹಿಟ್ಟು ಹೊರಬಂದು ಗೋಂದಾಗುತ್ತದೆ. ಆಲೂಗಡ್ಡೆಗೂ ಇದೇ ಗತಿ. ಮರಗೆಣಸಿನ ಹಿಟ್ಟು ಸ್ವಭಾವತಃ ಹೆಚ್ಚು ಅಂಟುವ ಜಾತಿಯದಾದುದರಿಂದ ಅಮ್ಮನವರ ಪೋಸ್ಟರಿನ ಮಾತು ಶಾಸ್ತ್ರಸಮ್ಮತವೇ ಆಗಿದೆ.

ತಾಳವಾಡಿಯ ರೈತ

ಮೇಷ್ಟ್ರೇ, ನಾನು ಈರೋಡು ಜಿಲ್ಲೆಯ ತಾಳವಾಡಿಯವನು. ದಿಂಬಂ ಘಾಟಿಯ 27 ತಿರುವು ಹತ್ತಿ ಬಂದರೆ ನಮ್ಮೂರು, ಮನೆಮಾತು ಕನ್ನಡ. ನಿಮ್ಮ ಗೆಡ್ಡೆಗಳು ನಮಗೆ ಅಪರೂಪ, ನಾವು ಬೆಳೆಯುವುದು ಆಲೂಗಡ್ಡೆ, ಬೀಟ್ರೂಟು. ರಾಗಿ ಮುದ್ದೆಯ ಜತೆಗೆ ಸೊಪ್ಪನ್ನೂ ಆಲೂಗಡ್ಡೆಯನ್ನೂ ಕಡೆಗೋಲಿನಲ್ಲಿ ಮಸೆಯುವುದು ನಮ್ಮ ಕಡೆ ದಿನನಿತ್ಯದ ಕೆಲಸ. ಹಿಸುಕುವುದಕ್ಕೆ ಸಿಪ್ಪೆ ಒರಟಾದ, ಚೆನ್ನಾಗಿ ಬಲಿತ ಆಲೂಗಡ್ಡೆ ಆಗಬೇಕು. ಉಜ್ಜಿದರೆ ಸಿಪ್ಪೆ ಸುಲಿಯುವ ಹೊಸ ಗಡ್ಡೆ ಸಾರಿಗೆ ಸರಿ, ಮಸೆಯುವುದಕ್ಕೆ ಸಲ್ಲದು. ಫ್ರಿಜ್ಜಿನಲ್ಲಿ ಇಟ್ಟ ಆಲೂಗಡ್ಡೆ ಸಿಹಿಯಾಗುತ್ತದೆ, ಅದನ್ನು ಚೀಲದಲ್ಲಿ ಕತ್ತಲೆಯ ಮೂಲೆಯಲ್ಲಿ ಇಡಿ. ಸಿಪ್ಪೆಯ ಜತೆ ಇಡಿಯಾಗಿ ಬೇಯಿಸಿ, ನೀರು ಬಸಿದು, ಬಿಸಿ ಪಾತ್ರೆಯಲ್ಲೇ ಎರಡು ನಿಮಿಷ ಹಬೆಯಾಡಲು ಬಿಡಿ. ಆ ಎರಡು ನಿಮಿಷದಲ್ಲಿ ಹೊರಗಿನ ತೇವ ಆರುತ್ತದೆ; ಇಲ್ಲವಾದರೆ ಗೊಜ್ಜು ನೀರುನೀರಾಗುತ್ತದೆ, ಅದನ್ನು ಮತ್ತೆ ಗಟ್ಟಿ ಮಾಡಲು ಹೋಗಿ ಅಂಟು ಮಾಡಿಕೊಳ್ಳುತ್ತೇವೆ.

ಅಕ್ಕಲಕೋಟೆಯ ಗೃಹಿಣಿ

ಮಾಸ್ತರರೇ, ಸಿಹಿಗೆಣಸಿನ ಸುದ್ದಿಯನ್ನು ಯಾರೂ ತೆಗೆದಿಲ್ಲ ಎಂದು ಬರೆಯುತ್ತಿದ್ದೇನೆ. ಏಕಾದಶಿ, ಶಿವರಾತ್ರಿಗಳ ಉಪವಾಸದಲ್ಲಿ ನಮ್ಮ ಸೊಲ್ಲಾಪುರ ಸೀಮೆಯ ಮನೆಗಳಲ್ಲಿ ಗೆಣಸಿನ ಭರೀತ ಆಗಿಯೇ ಆಗುತ್ತದೆ. ಅರ್ಧ ಕಿಲೋ ಗೆಣಸನ್ನು ಬೇಯಿಸಿ ಹಿಸುಕಿ, ಒಂದು ವಾಟಿ ಗಟ್ಟಿ ಮೊಸರು, ಎರಡು ಚಮಚ ಹುರಿದ ಶೇಂಗಾ ಪುಡಿ, ಸೈಂಧವ ಲವಣ ಬೆರೆಸಿ, ತುಪ್ಪದಲ್ಲಿ ಜೀರಿಗೆ ಮತ್ತು ಹಸಿಮೆಣಸಿನಕಾಯಿಯ ಒಗ್ಗರಣೆ ಕೊಡುವುದು. ಅಮ್ಮನವರಿಗಾದರೆ ಶೇಂಗಾವನ್ನು ನುಣ್ಣಗೆ ಪುಡಿ ಮಾಡಿರಿ. ಕುಕ್ಕರಿನಲ್ಲಿ ಅವಸರದಿಂದ ಬೇಯಿಸಿದ ಗೆಣಸಿಗಿಂತ ಒಲೆಯ ಬೂದಿಯಲ್ಲಿ ಹುಗಿದು ನಿಧಾನವಾಗಿ ಸುಟ್ಟ ಗೆಣಸು ಎಷ್ಟೋ ಪಾಲು ಸಿಹಿ. ಅದು ಏಕೆ ಎಂದು ಮಂಜೇಶ್ವರದ ಅಕ್ಕಾವರು ಹೇಳಬಹುದು.

ಮಂಜೇಶ್ವರದಿಂದ ರಸಾಯನಶಾಸ್ತ್ರದವಳು

ಹೇಳುತ್ತೇನೆ. ಗೆಣಸಿನ ಒಳಗೇ ಹಿಟ್ಟನ್ನು ಸಕ್ಕರೆಯಾಗಿ ಒಡೆಯುವ ಒಂದು ಕಿಣ್ವವಿದೆ, ಅದು ಸುಮಾರು 60ರಿಂದ 75 ಡಿಗ್ರಿಯ ನಡುವೆ ಚುರುಕಾಗಿ ಕೆಲಸ ಮಾಡುತ್ತದೆ. ಬೂದಿಯಲ್ಲಿ ಗೆಣಸು ಆ ಬಿಸಿಯಲ್ಲಿ ಬಹಳ ಹೊತ್ತು ಇರುತ್ತದೆ. ಕುಕ್ಕರಿನಲ್ಲಿ ಅದನ್ನು ದಾಟಿ ಬೇಗನೆ ಮೇಲೇರುವುದರಿಂದ ಕಿಣ್ವಕ್ಕೆ ಪುರುಸೊತ್ತು ಸಿಗುವುದಿಲ್ಲ. ನೀರ್ಚಾಲಿನ ಮನೆಯಲ್ಲಿ ಬಚ್ಚಲೊಲೆ ಇನ್ನೂ ಉರಿಯುತ್ತಿದ್ದರೆ ಸ್ನಾನವಾದ ಮೇಲೆ ಅದರ ಬೂದಿಗೆ ಎರಡು ಗೆಣಸು ಹಾಕಿಬಿಡಿ.

ರಾಯದುರ್ಗದ ಮಾವ

ಸುವರ್ಣಗೆಡ್ಡೆಗೆ ನಮ್ಮ ಆಂಧ್ರದ ಕಡೆಯ ಒಂದು ಉಪಾಯವಿದೆ. ನಮ್ಮ ಅನಂತಪುರದ ಒಣಭೂಮಿಯದ್ದಲ್ಲ, ಗೋದಾವರಿ ಸೀಮೆಯಿಂದ ಬಂದ ಸೊಸೆ ಕಲಿಸಿದ್ದು. ‘ಕಂದ ಬಚ್ಚಲಿ’ ಎಂದು ಅದರ ಹೆಸರು, ಕಂದ ಎಂದರೆ ಸುವರ್ಣಗೆಡ್ಡೆ, ಬಚ್ಚಲಿ ಎಂದರೆ ನಿಮ್ಮ ಬಸಳೆ. ಗೆಡ್ಡೆಯನ್ನೂ ಹೆಚ್ಚಿದ ಬಸಳೆಯನ್ನೂ ಬೇಯಿಸಿ, ಒಟ್ಟಿಗೆ ಮಸೆದು, ಹುಣಸೆರಸ ಸೇರಿಸಿ ಒಗ್ಗರಣೆ ಕೊಟ್ಟು, ಕೆಳಗಿಳಿಸಿದ ಮೇಲೆ ಅರೆದ ಸಾಸಿವೆಯನ್ನು ಕಲಸುತ್ತಾರೆ. ಬಸಳೆಯ ಲೋಳೆ ಗೆಡ್ಡೆಯ ಒಣಹಿಟ್ಟನ್ನು ಜಾರುವಂತೆ ಮಾಡುವುದರಿಂದ ಹಲ್ಲಿಲ್ಲದವರಿಗೆ ನುಂಗಲು ಹಿತ. ಬಸಳೆಯ ಚಪ್ಪರವಿಲ್ಲದ ಮನೆ ಕಾಸರಗೋಡಿನಲ್ಲಿ ಇಲ್ಲವೆಂದು ಕೇಳಿದ್ದೇನೆ, ಮೇಷ್ಟ್ರು ಯಾಕೆ ಮಾಡಿ ನೋಡಬಾರದು?

ಕುಂಬಳೆಯ ಸೊಸೆ

ನನ್ನ ಮಾವನವರಿಗೂ ಹಲ್ಲಿಲ್ಲ, ಆದ್ದರಿಂದ ಅನುಭವದ ಎರಡು ಮಾತು. ಹಿಸುಕಿದ್ದೆಲ್ಲ ವಯಸ್ಸಾದವರಿಗೆ ನುಂಗಲು ಸುಲಭ ಎಂದು ತಿಳಿಯಬಾರದು. ಗಟ್ಟಿಯಾಗಿ ಅಂಟುವ ಉಂಡೆ ಗಂಟಲಲ್ಲಿ ನಿಲ್ಲುವ ಅಪಾಯ ಹೋಳಿಗಿಂತ ಹೆಚ್ಚು. ಮಜ್ಜಿಗೆಯನ್ನೋ ತೆಂಗಿನಹಾಲನ್ನೋ ಬೆರೆಸಿ, ಸಟ್ಟುಗದಿಂದ ತಾನಾಗಿ ಜಾರುವ ಹದಕ್ಕೆ ತಂದು, ಅವರನ್ನು ನೆಟ್ಟಗೆ ಕೂರಿಸಿ ಬಡಿಸಬೇಕು. ಸಕ್ಕರೆ ಕಾಯಿಲೆ ಇದ್ದರೆ ಮರಗೆಣಸು, ಆಲೂಗಡ್ಡೆಗಳ ದಿನ ಗಂಜಿಯ ಅನ್ನವನ್ನು ಕಡಿಮೆ ಮಾಡುವುದು ಒಳ್ಳೆಯದು.

ಕೆಸುವಿನ ಗೆಡ್ಡೆಯನ್ನು ಸಿಪ್ಪೆಯ ಸಮೇತ ಚೆನ್ನಾಗಿ ಬೇಯಿಸಿ ಸುಲಿದು ಹಿಸುಕಿದರೆ ಲೋಳೆ ಬರುತ್ತದೆ. ಹುಳಿಮಜ್ಜಿಗೆ ಬೆರೆಸಿ, ಗಾಂಧಾರಿ ಮೆಣಸು, ಉಪ್ಪು ನುರಿದು ಹಾಕಿ, ಮೇಲೆ ಒಂದು ಚಮಚ ಹಸಿ ತೆಂಗಿನೆಣ್ಣೆ ಬಿಟ್ಟರೆ ಲೋಳೆಯ ಕಾಟ ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ. ಸಾಂಬ್ರಾಣಿ ಗೆಡ್ಡೆಯನ್ನು ಮಾತ್ರ ದಯವಿಟ್ಟು ಯಾರೂ ಹಿಸುಕಬೇಡಿ. ಗೋಣಿಚೀಲದಲ್ಲಿ ಹಾಕಿ ಉಜ್ಜಿ ಉಜ್ಜಿ ಸಿಪ್ಪೆ ತೆಗೆಯುವ ಶ್ರಮಕ್ಕೆ ಸಿಗುವ ಬಹುಮಾನವೇ ಅದರ ಪರಿಮಳ ಮತ್ತು ಹೋಳಿನ ಗರಿ. ಅದನ್ನು ಮುದ್ದೆ ಮಾಡುವುದು ನನ್ನ ಮಟ್ಟಿಗೆ ಅನ್ಯಾಯ.

ನೀರ್ಚಾಲು ಮಾಷ್ಟ್ರು

ಐದು ದಿನಗಳ ವರದಿ ಒಪ್ಪಿಸುತ್ತಿದ್ದೇನೆ. ಪೆರ್ಲದ ಅಕ್ಕ ಮತ್ತು ಮಂಜೇಶ್ವರದ ಅಕ್ಕ, ಇಬ್ಬರಿಗೂ ನ್ಯಾಯ ಸಿಗಲೆಂದು ಒಂದೇ ಸುವರ್ಣಗೆಡ್ಡೆಯನ್ನು ಎರಡು ಪಾಲು ಮಾಡಿದೆ. ಹುಳಿಯನ್ನು ಮೊದಲೇ ಹಾಕಿದ ಪಾಲು ಮುಕ್ಕಾಲು ಗಂಟೆ ಬೆಂದರೂ ಸಟ್ಟುಗಕ್ಕೆ ಜಗ್ಗಲಿಲ್ಲ, ಅಲ್ಲಲ್ಲಿ ಕಡಲೆಯಷ್ಟು ಗಟ್ಟಿ ತರಿ ಉಳಿಯಿತು. ಹುಳಿಯನ್ನು ಬಳಿಕ ಹಾಕಿದ ಪಾಲು ಬೆಣ್ಣೆಯಂತೆ ನುರಿಯಿತು. ಗಂಟಲು ಎರಡರಿಂದಲೂ ಕೆರೆಯಲಿಲ್ಲ. ಅಮ್ಮ ಎರಡನೆಯದನ್ನು ತಿಂದರು. ಮೊದಲನೆಯದನ್ನು ನಾನು ತಿಂದೆ, ರುಚಿಯಲ್ಲಿ ಅದೇ ಒಂದು ಕೈ ಮೇಲು ಎಂದು ಪೆರ್ಲದ ಅಕ್ಕನಿಗೆ ತಿಳಿಸಬೇಕು.

ಮರಗೆಣಸು ಈ ಸಲ ಗೆದ್ದಿತು. ತೆಂಗಿನಹಾಲು ಅರ್ಧ ಲೋಟ ಹೆಚ್ಚು ಹಾಕಿ ಕುಂಬಳೆಯ ತಂಗಿ ಹೇಳಿದ ಹದಕ್ಕೆ ತಂದೆ. ಬೂದಿಯಲ್ಲಿ ಸುಟ್ಟ ಗೆಣಸಿನ ಭರೀತವನ್ನು ಅಮ್ಮ ಪಾಯಸವೆಂದು ತಿಳಿದು ಊಟದ ಕೊನೆಗೆ ಎತ್ತಿಟ್ಟರು. ಬಸಳೆಯ ಗೊಜ್ಜು ಮಾತ್ರ ಕಹಿಯಾಯಿತು. ಸಾಸಿವೆ ಅರೆದು ಹಾಕಿ ಮತ್ತೆ ಕುದಿಸಿದೆ. ತಪ್ಪು ಎಲ್ಲಿ? ಇನ್ನೊಂದು ಸಂದೇಹ: ಉಳಿದ ಮರಗೆಣಸಿನ ಗೊಜ್ಜು ಮರುದಿನ ಕಲ್ಲಿನಂತಾಗಿದೆ, ಅದನ್ನು ಏನು ಮಾಡುವುದು?

ರಾಯದುರ್ಗದ ಮಾವ

ಕುದಿಸಬಾರದು ಎಂದೇ “ಕೆಳಗಿಳಿಸಿದ ಮೇಲೆ” ಎಂದು ಬರೆದಿದ್ದೆ. ಒಂದು ಚಮಚ ಸಾಸಿವೆಯನ್ನು ತಣ್ಣೀರಿನಲ್ಲಿ ನೆನೆಸಿ, ಚಿಟಿಕೆ ಉಪ್ಪು, ಒಂದು ಒಣಮೆಣಸಿನಕಾಯಿ ಸೇರಿಸಿ ಅರೆಯಿರಿ. ಅರೆಯುವಾಗ ಮಿಕ್ಸಿ ಬಿಸಿಯಾಗುವಷ್ಟು ಹೊತ್ತು ಓಡಿಸಬೇಡಿ. ಸಾಸಿವೆಯ ಘಾಟು ತಣ್ಣೀರಿನಲ್ಲಿ ಏಳುತ್ತದೆ, ಕುದಿಯಲ್ಲಿ ಹಾರಿಹೋಗುತ್ತದೆ, ಉಳಿಯುವುದು ಕಹಿಯೊಂದೇ.

ಪೆರ್ಲದ ಅಕ್ಕ

ಮಾಷ್ಟ್ರೇ, ಕಲ್ಲಾದ ಮರಗೆಣಸಿಗೆ ಚಿಂತೆ ಬೇಡ. ನೀರು ಚಿಮುಕಿಸಿ ಹಬೆಯಲ್ಲಿ ಹತ್ತು ನಿಮಿಷ ಇಟ್ಟರೆ ಮೆತ್ತಗಾಗುತ್ತದೆ. ಆಗ ಒಂದು ಹಿಡಿ ಅಕ್ಕಿಹಿಟ್ಟು ಬೆರೆಸಿ ನಾದಿ, ಬಾಳೆಲೆಯ ಮೇಲೆ ತೆಳ್ಳಗೆ ತಟ್ಟಿ ಕಾವಲಿಗೆ ಹಾಕಿದರೆ ರೊಟ್ಟಿ. ಅಮ್ಮನಿಗೆ ನಡುವಿನ ಮೆತ್ತಗಿನ ಭಾಗ ಕೊಡಿ, ಗರಿಗರಿಯಾದ ಅಂಚು ನಿಮಗಿರಲಿ.